ಮೊದಲ ತುತ್ತು

ಇಲ್ಲಿಯ ಮಾತಿನಲ್ಲಿ ಬೆಂಕಿಗೆ ಉಒತ್ ಎಂದು ಹೆಸರು.
ಬಂದ ದಿನ ನನ್ನ ಕಿವಿಗೆ ಅದು
ಊಟ ಎಂದೇ ಕೇಳಿಸಿತು.
ಪೂರ್ತಿ ತಪ್ಪೇನಲ್ಲ.
ಕ್ಯುನ್ನೇಯ್ ಒಲೆಯ ಬಾಗಿಲು ತೆರೆದು
ಬೆಣ್ಣೆ ಸವರಿದ ದೋಸೆಯಂಥದೊಂದರ ಅಂಚು ಮುರಿದು
ಒಳಗೆ ಹಾಕಿದಳು. ನಮಗೆ ಆಮೇಲೆ.
"ಅಜ್ಜನಿಗೆ ಮೊದಲು. ಹಸಿವು ತಡೆಯುವವನಲ್ಲ."

ಹೊರಗೆ ಜನವರಿ, ಸೊನ್ನೆಯ ಕೆಳಗೆ ಐವತ್ತು.
ರೆಪ್ಪೆಗೆ ರೆಪ್ಪೆ ಅಂಟುವ ಯಾಕೂತಿಯಾದ ಈ ಊರಿನಲ್ಲಿ
ಹೋದ ಜೂನ್ ಮೂವತ್ತಾರು ಡಿಗ್ರಿಯಂತೆ.
ಪಾಚಿ ಹಪ್ಪಳದ ಹಾಗೆ ಕಾಲಡಿ ಮುರಿಯುತ್ತಿತ್ತಂತೆ,
ಲಾರ್ಚ್ ಮರದ ಸೂಜಿಗಳು ಮೂರು ತಿಂಗಳು ಮುಂಚೆಯೇ ಹಳದಿ.
ಆಗ ಒಣ ಗುಡುಗು ಬಂತು,
ಮಿಂಚು ಇಳಿಸಿ, ನೀರು ಇಳಿಸದೆ ಹೋಯಿತು.
ಬೇಟೆಗೆ ಬಂದವರು ಚಹಾ ಕಾಸಿ
ಆರಿಸದೆ ಬಿಟ್ಟದ್ದು ಎನ್ನುವವರೂ ಇದ್ದಾರೆ.
ಇದ್ದರೂ ಇರಬಹುದು.

ಮೊದಲ ದಿನ ಅದು ಒಂದು ಅಂಗಳದಷ್ಟೇ.
ಪಟ್ಟಣಕ್ಕೆ ಫೋನ್ ಮಾಡಿದರೆ ಉತ್ತರ ಬಂತು:
ನಿಮ್ಮದು ದೂರದ ವಲಯ,
ಆರಿಸುವ ಖರ್ಚು ಮರದ ಬೆಲೆಗಿಂತ ಹೆಚ್ಚು,
ಗಮನಿಸುತ್ತಿರಿ.
ಗಮನಿಸಿದರು.
ಒಂಬತ್ತನೆಯ ದಿನ ಅದೇ ಇವರನ್ನು ಗಮನಿಸತೊಡಗಿತು.

ರಾತ್ರಿಯೇ ಇಲ್ಲದ ತಿಂಗಳಲ್ಲಿ
ಮಧ್ಯಾಹ್ನಕ್ಕೇ ದೀಪ ಹಚ್ಚಿದರು.
ಕಿಟಕಿಗಳಿಗೆ ಒದ್ದೆ ಚಾದರ. ಕೋಗಿಲೆಗಳು ಇದ್ದಕ್ಕಿದ್ದಂತೆ ಇಲ್ಲ.
ಒಂದು ಕೂಸು ಕೆಮ್ಮಿ ಕೆಮ್ಮಿ
ಅಳುವುದನ್ನೇ ಮರೆತಿತ್ತು.
ಶಾಲೆಯ ಆಟದ ಮೇಷ್ಟ್ರು ಸ್ಪಿರಿದೋನ್,
ಲೆಕ್ಕ ಬರೆಯುವವನು, ಬಾಯ್ಲರ್ ಮನೆಯ ಗವ್ರೀಲ್
ಬೆನ್ನಿಗೆ ರಬ್ಬರಿನ ನೀರುಚೀಲ ಕಟ್ಟಿ ಕಾಲುವೆ ತೋಡಿದರು.
ಮೊಣಕಾಲಾಳಕ್ಕೆ ಸಲಿಕೆಗೆ ಮಂಜುಗಡ್ಡೆ, ಠಣ್.
ಮೇಲೆ ಬೆಂಕಿ, ಕೆಳಗೆ ಸಾವಿರಾರು ವರ್ಷದ ಹಿಮ,
ನಡುವೆ ಸಾಲ ತಂದ ಬೂಟುಗಳಲ್ಲಿ
ಹದಿನಾಲ್ಕು ಜನ.

ಊರು ಉಳಿಯಿತು. ಹುಲ್ಲು ಉಳಿಯಲಿಲ್ಲ.
ಕೊಯ್ಲಿನ ಇಪ್ಪತ್ತೆರಡು ದಿನ ಹೊಗೆಯೊಳಗೇ ಹೋದವು.
ನವೆಂಬರಿನಲ್ಲಿ ಹನ್ನೊಂದು ಹಸು ಕಡಿದರು;
ಅಷ್ಟು ಮಾಂಸವಿದ್ದೂ ಆ ವಾರ
ಯಾರ ಮನೆಯಲ್ಲೂ ಹಬ್ಬವಾಗಲಿಲ್ಲ.
ನೆರಳು ಕಳೆದುಕೊಂಡ ನೆಲ ಒಳಗೊಳಗೇ ಕರಗಿ
ಬೇಲಿಯ ಗೂಟಗಳು ಕುಡಿದವರ ಹಾಗೆ ವಾಲಿವೆ.
ಗವ್ರೀಲನ ಮನೆಯ ಬಾಗಿಲು
ತನ್ನಷ್ಟಕ್ಕೆ ತೆರೆದುಕೊಳ್ಳುತ್ತದೆ,
ಮುಚ್ಚಲು ಕಲ್ಲು ಇಟ್ಟಿದ್ದಾನೆ.

"ಉಣಿಸುವುದು ಮರೆತೆವು, ಅದಕ್ಕೇ," ಎಂದಳು ಮುದುಕಿ ಅಕುಲೀನಾ.
"ಒಂದು ದಿನವೂ ಮರೆತಿಲ್ಲ," ಕ್ಯುನ್ನೇಯ್ ತಿರುಗಿದಳು,
"ಯಾರೋ, ಎಲ್ಲೋ, ನೆಲದಡಿಯದನ್ನೆಲ್ಲ ಬಗೆದು
ಅವನಿಗೆ ಅತಿಯಾಗಿ ಉಣಿಸಿದ್ದಾರೆ.
ರುಚಿ ಹತ್ತಿದೆ."
ಮೂರು ವಿಮಾನ ಬದಲಿಸಿ ಬಂದ ನಾನು
ಚಹಾದ ಲೋಟದೊಳಗೆ ನೋಡಿದೆ.

ಸಂಜೆ ಸ್ಪಿರಿದೋನ್ ಕರೆದೊಯ್ದು ತೋರಿಸಿದ.
ಸುಟ್ಟ ಕಾಡಿನ ಅಂಚು, ತೊಡೆಯಾಳದ ಹಿಮ,
ಅದರಲ್ಲಿ ಮಡಕೆಯ ಬಾಯಷ್ಟು ಕಪ್ಪು ತೂತು,
ಒಳಗಿಂದ ಒಂದೆಳೆ ಹೊಗೆ, ನೆಟ್ಟಗೆ,
ಯಾರೋ ಕೆಳಗೆ ಕೂತು ಬೀಡಿ ಸೇದುತ್ತಿರುವ ಹಾಗೆ.
ಬೂದಿ ಮುಚ್ಚಿದ ಕೆಂಡ ಗೊತ್ತಿತ್ತು ನನಗೆ.
ಹಿಮ ಮುಚ್ಚಿದ ಕೆಂಡ ಇದೇ ಮೊದಲು.
ಜೌಗು ನೆಲದ ಹಳೆಯ ಬೇರುಗಳನ್ನು ಜಗಿಯುತ್ತ
ಅದು ಅಲ್ಲೇ ಚಳಿಗಾಲ ಕಳೆಯುತ್ತಿದೆ.
ಹಿಮ ಕರಗಿದ ಮೇ ತಿಂಗಳಲ್ಲಿ
ಎಲ್ಲಿ ಮೊದಲು ಅಗೆಯಬೇಕೆಂದು ತಿಳಿಯಲು
ಅವನು ಒಂದು ಕೋಲು ನೆಟ್ಟ, ತುದಿಗೆ ಕೆಂಪು ಬಟ್ಟೆ.
ಹದಿನೇಳನೆಯದು, ಎಂದ.
ಹುಡುಕದೆ ಇರುವುದು ಎಷ್ಟೋ.

ಮರಳಿದಾಗ ಒಲೆ ಉರಿಯುತ್ತಿತ್ತು.
ಕೈ ಚಾಚಿದೆ, ಚಾಚದಿರಲು ಆಗುವುದಿಲ್ಲ,
ಈ ಚಳಿಯಲ್ಲಿ ಅವನಲ್ಲದೆ ಯಾರಿದ್ದಾರೆ.
ಕ್ಯುನ್ನೇಯ್ ಬಾಗಿಲು ತೆರೆದಳು,
ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು,
ಆಮೇಲೆ ಅಂಚು ಮುರಿದಳು.
ಈ ಸಲ ಚಿಕ್ಕದು.